ಗಾಳಿಪಟ್ಟಿ

"ಈ ಪಟ್ಟಿಗೆ ಕೈ ಹಚ್ಚಿದವ್ರು ಯಾರ್ರಿ?"

ಸಮತಾ ಕೇಳಿದ ಧಾಟಿಗೆ ಸವಣೂರಿನ ಆ ಸಣ್ಣ ದವಾಖಾನೆಯ ಡ್ರೆಸ್ಸಿಂಗ್ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆಂಚಿನ ಮೇಲೆ ಎಲೆತೋಟದ ಕೂಲಿ ಅನ್ನವ್ವ ಕಾಲು ಚಾಚಿ ಕುಳಿತಿದ್ದಳು. ಪಾದಕ್ಕೆ ಅಂಟಿಸಿದ್ದ ಬಿಳಿ ಪಟ್ಟಿಯ ಮೇಲೆ ಸಾಲಾಗಿ ಏಳು ತೂತು!

"ನಾನ ರೀ," ಎಂದ ಅವಳ ಪಕ್ಕ ನಿಂತಿದ್ದವನು. "ಕತ್ತರಿ ಹಿಡಿಯೋವಾಗ ಕೈ ತಪ್ಪೇತಿ."

ಅವನು ಹಾಲೇಶ, ಅಲ್ಲಿನ ನರ್ಸ್. ಸೋಮವಾರ ಸಮತಾ ಬಂದು ಪಟ್ಟಿ ಹಾಕಿದಾಗ ರಜೆಯಲ್ಲಿದ್ದ. ಇವತ್ತು ಗುರುವಾರ, ಮೊದಲ ಭೇಟಿ. ಎಂಥ ಭೇಟಿ!

"ಏಳು ಸಲ ಕೈ ತಪ್ಪೇತೇನ್ರಿ?"

ಅವನು ತಲೆ ತಗ್ಗಿಸಿದ. ಸಮತಾಳ ಸಿಟ್ಟು ನೆತ್ತಿಗೇರಿತು. ಏರದೆ ಏನು ಮಾಡೀತು? ಆ ಪಟ್ಟಿ ಸಂಶೋಧಕಿಯಾದ ಅವಳ ನಾಲ್ಕು ವರ್ಷದ ದುಡಿಮೆ, ಈಗ ರೋಗಿಗಳ ಮೇಲೆ ಅದರ ಪರೀಕ್ಷೆ ನಡೆದಿತ್ತು. ಗಾಯದ ಪಸೆ ತಾಗಿದರೆ ಅದರೊಳಗಿನ ಪುಡಿ ನೆನೆದು, ನೈಟ್ರಿಕ್ ಆಕ್ಸೈಡ್ ಎಂಬ ಗಾಳಿಯನ್ನು ಚೂರುಚೂರೇ ಗಾಯಕ್ಕೆ ಬಿಡುತ್ತದೆ. ಆ ಗಾಳಿ ರಕ್ತನಾಳ ಹಿಗ್ಗಿಸಿ, ರಕ್ತ ಹರಿಯಲು ದಾರಿ ಮಾಡಿ, ಕ್ರಿಮಿಗಳನ್ನು ಕೊಲ್ಲುತ್ತದೆ. ಮೇಲಿನ ಹಾಳೆ ಮೂರು ದಿನ ಗಟ್ಟಿಯಾಗಿ ಮುಚ್ಚಿರಬೇಕು, ಅಷ್ಟೇ ಷರತ್ತು. ತೂತಾದರೆ ಔಷಧವೆಲ್ಲ ಬಯಲಿಗೆ.

ಹಿರೇಬೆಂಡಿಗೇರಿಯಲ್ಲಿ ಅವಳ ಅಪ್ಪ ಪರಮೇಶಪ್ಪ ಇಂಥದೇ ಸಕ್ಕರೆ ಕಾಯಿಲೆಯ ಗಾಯಕ್ಕೆ ಕಾಲು ಕಳೆದುಕೊಂಡಿದ್ದ. ಈಗ ಅನ್ನವ್ವನ ಸರದಿ. ಒಂದು ತಿಂಗಳಲ್ಲಿ ಗಾಯ ಇಳಿಯದಿದ್ದರೆ ಪಾದ ತೆಗೆಯಲೇಬೇಕೆಂದು ದೊಡ್ಡ ಡಾಕ್ಟರು ಹೇಳಿಯಾಗಿತ್ತು. ಆ ತಿಂಗಳಲ್ಲಿ ಮೂರು ದಿನವನ್ನು ಈ ಮನುಷ್ಯ ಕತ್ತರಿಯ ತುದಿಯಲ್ಲಿ ಹಾಳು ಮಾಡಿದ್ದ!

ಅವಳು ಅಲ್ಲೇ ಕುಳಿತು ದೂರು ಬರೆದಳು. ಅವನು ಓದಿ, ಕೆಳಗೆ "ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದ. ಒಂದು ಮಾತು ವಾದಿಸಲಿಲ್ಲ. ಅದೂ ಅವಳಿಗೆ ಸೊಕ್ಕಾಗಿಯೇ ಕಂಡಿತು. ವಾರದೊಳಗೆ ದವಾಖಾನೆಯವರು ಅವನನ್ನು ಹಿರೇಕೆರೂರಿನ ತಮ್ಮ ಶಾಖೆಗೆ ಕಳಿಸಿದರು.

ಹೋದವನು ಸುಮ್ಮನಿದ್ದನೇ? ಮೊದಲ ದಿನವೇ ಸಂಜೆ ಐದಕ್ಕೆ ಫೋನು.

"ಮೇಡಂ, ಅನ್ನವ್ವನ ಗಾಯ ಎಷ್ಟೈತ್ರಿ?"

"ನಾಲ್ಕು ಸೆಂಟಿಮೀಟರ್. ನಿಮಗ್ಯಾಕ ಅದು?" ಎಂದು ಕಟ್ ಮಾಡಿದಳು.

ಮರುದಿನ ಮತ್ತೆ ಐದಕ್ಕೆ. ಅದೇ ಪ್ರಶ್ನೆ. ಆಮೇಲಾಮೇಲೆ ಅವನು ಒಂದೊಂದು ಮಾತು ಸೇರಿಸತೊಡಗಿದ. ಅನ್ನವ್ವ ತೋಟದ ಕೆಸರಿಗೆ ಇಳಿಯದಂತೆ ನೋಡಿಕೊಳ್ಳಿ ಎಂದ. ಆಕೆಗೆ ಎಡಗಣ್ಣು ಮಂಜು, ಔಷಧಿ ಚೀಟಿ ದೊಡ್ಡಕ್ಷರದಲ್ಲಿ ಬರೆಯಿರಿ ಎಂದ. ಎಲ್ಲವೂ ನಿಜವೇ ಆಗಿತ್ತು. ಇಷ್ಟು ಬಲ್ಲವನು ಒಂದು ಪಟ್ಟಿಗೆ ಏಳು ಕಡೆ ಕತ್ತರಿ ಚುಚ್ಚುವುದೆಂದರೇನು?

ಗಾಯ ಮೂರೂವರೆ ಸೆಂಟಿಮೀಟರ್ ಆಯಿತು. ಮೂರಾಯಿತು. ತಿಂಗಳ ಗಡುವಿಗೆ ದೊಡ್ಡ ಡಾಕ್ಟರು ಗಾಯ ನೋಡಿ, ಪಾದ ತೆಗೆಯುವ ಮಾತನ್ನು ಕೈಬಿಟ್ಟರು. ಅವತ್ತೂ ಫೋನು ಬಂತು. ಸಮತಾ ಮೊದಲ ಸಲ ತಾನಾಗಿ ಎರಡು ಮಾತು ಹೆಚ್ಚು ಆಡಿದಳು.

ಒಂದು ಸಂಜೆ ಮಾತ್ರ ಐದು ಕಳೆದು ಆರಾದರೂ ಫೋನು ಬರಲಿಲ್ಲ. ಸಮತಾ ಮೊಬೈಲನ್ನು ನಾಲ್ಕು ಸಲ ತೆಗೆದು ನೋಡಿದಳು. 'ನನಗೇನಾಗಿದೆ? ಅವನು ಮಾಡದಿದ್ದರೆ ಒಳ್ಳೆಯದೇ ಆಯಿತಲ್ಲ!' ಎಂದು ತನ್ನನ್ನೇ ಬೈದುಕೊಂಡಳು. ಆದರೂ ಮೊಬೈಲನ್ನು ದಿಂಬಿನ ಪಕ್ಕವೇ ಇಟ್ಟುಕೊಂಡು ಮಲಗಿದಳು. ಮರುದಿನ ಅವನು ನೆಟ್‌ವರ್ಕ್ ಇರಲಿಲ್ಲವೆಂದಾಗ ಜಗಳವಾಡುವ ದನಿಯಲ್ಲೇ "ಎರಡು ಪಾಯಿಂಟ್ ಒಂದು" ಎಂದಳು.

ಅವನು ಹೋದ ಆರನೆಯ ವಾರ ಪಟ್ಟಿ ಬಿಚ್ಚಿದಾಗ ಗಾಯ ಪೂರ್ತಿ ಮುಚ್ಚಿತ್ತು. ತೆಳು ಗುಲಾಬಿ ಚರ್ಮ. ಸಮತಾ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೇಬಿಟ್ಟಳು. ಅನ್ನವ್ವ ಅವಳ ತಲೆ ಸವರಿ, ಇಷ್ಟು ದಿನವಾದರೂ ಹಾಲೇಶಪ್ಪನ ರಜೆ ಮುಗಿಯಲಿಲ್ಲವೇ ಎಂದಳು. ರಜೆಯಲ್ಲ, ಪಟ್ಟಿ ತೂತು ಮಾಡಿದ್ದಕ್ಕೆ ವರ್ಗ ಮಾಡಿದ್ದಾರೆ ಎಂದು ಸಮತಾ ಹೇಳಿದಳು.

ಮುದುಕಿ ಕೆರಳಿಬಿಟ್ಟಳು.

"ಅಂವನ್ನ ಯಾಕ ವರ್ಗಾ ಮಾಡಿಸಿದ್ಯವ್ವಾ? ತೂತ ಹಾಕಿದಾಕಿ ನಾನು. ಈ ಬಳ್ಯಾಗಿನ ಪಿನ್ನಿಲೆ."

"ನೀವಾ? ಯಾಕ?"

"ನೀನ ಹೇಳಿದ್ಯಲ್ಲ, ಪಟ್ಟ್ಯಾಗಿಂದ ಗಾಳಿ ಹೊರಗ ಬರ್ತೈತಿ, ಆವಾಗ ಗಾಯ ಮಾಯ್ತೈತಿ ಅಂತ. ನನ್ನ ಕಾಲಿಗೆ ಗಾಳಿ ಬಡದೈತಿ ಅಂತ ಓಣ್ಯಾಗ ಎಲ್ಲಾರೂ ಅಂತಿದ್ರು. ಆ ಗಾಳಿ ಹೊರಗ ಹೋಗಾಕ ದಾರಿ ಬ್ಯಾಡೇನು? ಅವತ್ತ ಮುಂಜಾನೆ ಹಾಲೇಶಪ್ಪಗ ಹೇಳಿದ್ರ, ಇನ್ನೊಮ್ಮೆ ಚುಚ್ಚಬ್ಯಾಡ, ಮೇಡಂ ಮುಂದ ಬಾಯಿ ಬಿಡಬ್ಯಾಡ ಅಂದ."

ಸಮತಾ ದಂಗಾಗಿ ಕುಳಿತಳು. ದೆವ್ವಕ್ಕೂ ಈ ಊರಲ್ಲಿ ಗಾಳಿ ಎಂದೇ ಹೆಸರು! ಹಿರೇಬೆಂಡಿಗೇರಿಯ ಮಗಳಾಗಿ ಇದು ತನಗೆ ಹೊಳೆಯಬಾರದಿತ್ತೇ? ರೋಗಿಯೇ ಪಟ್ಟಿಗೆ ಕೈ ಹಚ್ಚಿದರೆ ಪರೀಕ್ಷೆಯಿಂದ ಕೈಬಿಡಬೇಕು ಎಂಬ ನಿಯಮ ಬರೆದವಳೂ ತಾನೇ. ಅಂದರೆ ಅನ್ನವ್ವನ ಪಾದ ಉಳಿಸಲು ಆ ಮನುಷ್ಯ ಏಳು ತೂತನ್ನೂ ತನ್ನ ಮೈಮೇಲೆ ಹಾಕಿಕೊಂಡಿದ್ದ!

ತನ್ನ ಮೇಲೆ ಉರಿಯುವಷ್ಟು ಸಿಟ್ಟು ಬಂತು. ಅವನ ಮೇಲೆ ಅದರ ಎರಡು ಪಟ್ಟು. ಅಂದೇ ಹೊರಟು ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹಿರೇಕೆರೂರು ತಲುಪುವಾಗ ಐದಾಗುತ್ತಿತ್ತು. ಅವನು ಶಾಖೆಯ ಅಂಗಳದಲ್ಲಿ ನಿಂತು ಫೋನು ಮಾಡುತ್ತಿದ್ದ. ಅವಳ ಫೋನಿನ ಗಂಟೆ ಬಡಿದದ್ದು ಅವನ ಬೆನ್ನ ಹಿಂದೆಯೇ. ತಿರುಗಿ ನೋಡಿ ಬೆಚ್ಚಿಬಿದ್ದ.

"ಕೇಳ್ರಿ," ಎಂದಳು.

"ಅನ್ನವ್ವನ ಗಾಯ... ಎಷ್ಟೈತ್ರಿ?"

"ಸೊನ್ನೆ."

ಅವನ ಕಣ್ಣು ತುಂಬಿತು. ಸಮತಾ ಬಿಡಲಿಲ್ಲ.

"ನನ್ನ ಕೈಲೆ ಸುಳ್ಳ ಬರಸಿದ್ರಿ. ಖರೇ ಹೇಳಿದ್ರ ನಾ ಆಕೀನ ಹೊರಗ ಹಾಕ್ತಿದ್ದೆ ಅಂತ ತಿಳ್ಕೊಂಡ್ರೇನು?"

"ಅವತ್ತ ನಿಮ್ಮ ಸಿಟ್ಟ ನೋಡಿ ಹಂಗ ಅನ್ನಿಸ್ತ್ರಿ."

ಮಾತು ನೇರ ಎದೆಗೆ ತಾಗಿತು. ಹೌದು, ಅವತ್ತು ತಾನು ಇದ್ದದ್ದೇ ಹಾಗೆ. ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ಬಸ್ಸಿನಲ್ಲಿ ಕುಲುಕುತ್ತ ಬರೆದ ಅಕ್ಷರ. ತೂತು ಹಾಕಿದ್ದು ಅನ್ನವ್ವ, ಹಾಲೇಶ ಹೇಳಿದ್ದು ಸುಳ್ಳು, ಆದರೆ ಮೂಲ ತಪ್ಪು ತಾನಾಡಿದ 'ಗಾಳಿ' ಎಂಬ ಮಾತಿನದು, ದೂರನ್ನು ಹಿಂದೆಗೆದುಕೊಳ್ಳುತ್ತೇನೆ ಎಂದು ಪರೀಕ್ಷೆಯ ಸಮಿತಿಗೆ ಬರೆದಿದ್ದಳು.

"ಇದನ್ನ ಕೊಟ್ರ ಅನ್ನವ್ವನ ಗಾಯ ನಿಮ್ಮ ಪರೀಕ್ಷಾದಾಗ ಲೆಕ್ಕಕ್ಕ ಹಿಡ್ಯಂಗಿಲ್ಲ ಅಂದಾರು," ಎಂದ ಹಾಲೇಶ. "ಪೂರಾ ಮಾಯ್ದದ್ದು ಅದೊಂದ."

"ಅನ್ಲಿ. ಕಾಲಂತೂ ಆಕೀದ ಇರ್ತೈತಲ್ಲ."

ಅವನು ಅವಳನ್ನೇ ನೋಡಿದ. ಅವಳ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

"ಆರು ವಾರ ಐದು ಗಂಟೆ ಆದ್ರ ನನ್ನ ಕೈ ಫೋನಿನ ಮ್ಯಾಲ ಇರ್ತಿತ್ತು. ನಿಮ್ಮನ್ನ ಬೈಕೋಂತನ ಕಾಯ್ತಿದ್ದೆ. ಹಿಂಗ್ಯಾಕ ಮಾಡಿದ್ರಿ ನನಗ?"

"ಗಾಯದ ಅಳತಿ ದವಾಖಾನ್ಯಾಗ ಯಾರನ್ನ ಕೇಳಿದ್ರೂ ಹೇಳ್ತಿದ್ರು," ಎಂದ ಅವನು ಮೆಲ್ಲಗೆ. "ನನಗ ನಿಮ್ಮ ದನಿ ಕೇಳಬೇಕಾಗಿತ್ರಿ. ಬೈದ್ರೂ ಚಿಂತಿಲ್ಲ... ಗಾಯ ಮಾಯ್ತು. ನಾಳಿಂದ ಏನ ಕೇಳಾಕ ಫೋನ್ ಮಾಡ್ಲಿ, ಮೇಡಂ?"

"ಸಮತಾ, ಊಟ ಆತೇನು ಅಂತ ಕೇಳ್ರಿ. ಮೇಡಂ ಅಂದ್ರ ಫೋನ್ ಇಡ್ತೇನಿ."

"ಸಮತಾ... ಊಟ ಆತೇನು?"

"ಎಲ್ಲೀ ಊಟ? ಸವಣೂರಿಂದ ಸಿಟ್ಟ ಒಂದ ತಿನ್ಕೋಂತ ಬಂದೇನಿ," ಎಂದವಳಿಗೆ ನಗು ತಡೆಯಲಾಗಲಿಲ್ಲ. "ನಡೀರಿ, ಇಬ್ರೂ ಉಣ್ಣೋಣು."