ಪರಂಗಿಯವನು ನೆಟ್ಟ ಕಂಬ

ಕಡಲು ಮನುಷ್ಯರ ಮಾತು ಕೇಳುತ್ತಿದ್ದ ಕಾಲ. ಪಡುವಲ ದಂಡೆಯಲ್ಲಿ ನೀರ್ಗಡಿ ಎಂಬ ರಾಜ್ಯವಿತ್ತು. ಹಡಗಿನಲ್ಲಿ ಬಂದ ಅತಿಥಿ ಏನೇ ಕೇಳಲಿ, ಮೂರು ಸಲದವರೆಗೆ ಇಲ್ಲವೆನ್ನಬಾರದು ಎಂಬುದು ಅಲ್ಲಿನ ಪದ್ಧತಿ. ಆ ಊರಿನ ಅಜ್ಜಂದಿರೂ ಒಂದು ಕಾಲಕ್ಕೆ ಹಾಗೆ ತೇಲಿ ಬಂದವರೇ. ಪದ್ಧತಿ ಒಳ್ಳೆಯದೇ, ಆದರೆ ಬೇಲಿಯಿಲ್ಲದ ಹೊಲ ಕಂಡರೆ ಊರ ಎಮ್ಮೆಗಳೆಲ್ಲ ಬರುತ್ತವೆ.

ಒಂದು ದಿನ ದೊಡ್ಡ ಹಡಗು ಬಂತು. ಅದರ ಒಡೆಯ ಲೊರೆಂಸು ಎಂಬ ಪರಂಗಿ ಮಾಂತ್ರಿಕ. ಅವನ ಬಳಿ ಮೂರು ಕಲ್ಲಿನ ಕಂಬಗಳಿದ್ದವು. ಬಂದರಿನಲ್ಲಿ ಒಂದು ಕಂಬ ನೆಡುವಷ್ಟು ಜಾಗ ಕೇಳಿದ. ಇಷ್ಟೇ ತಾನೆ ಎಂದು ಅರಸ ನಕ್ಕು ಕೊಟ್ಟ. ಕಂಬ ಮುಂಜಾನೆಯಿಂದ ಸಂಜೆಯವರೆಗೆ ನಿಂತಿತು. ಸಂಜೆ ಅದರ ನೆರಳು ಉದ್ದವಾಗಿ ಕೇರಿಯ ಮೇಲೆ ಬಿತ್ತು. ನೆರಳು ತಾಗಿದವರೆಲ್ಲ ತಮ್ಮ ಮನೆ ತಮ್ಮದೆಂಬುದನ್ನೇ ಮರೆತರು.

ಉಪ್ಪು ತೆಗೆಯುವ ಮಂಕಾಳಿ ಗದ್ದೆಯಿಂದ ಮನೆಗೆ ಬಂದಾಗ ಗಂಡ ಜಟ್ಟಪ್ಪ ಕೈಕಟ್ಟಿ ಅಂಗಳದಲ್ಲಿ ನಿಂತಿದ್ದ.

"ಒಡೇರ ಅಪ್ಪಣೆ ಇಲ್ದೇ ನಾ ಹ್ಯಾಂಗೆ ಒಳಗೆ ಹೋಗೂದು ಅಮ್ಮಾ?" ಎಂದ.

ಕಟ್ಟಿಕೊಂಡ ಹೆಂಡತಿಯನ್ನು ಅಮ್ಮಾ ಎನ್ನುವುದೇ! ಮಂಕಾಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಮರುದಿನ ಎತ್ತು ಕಟ್ಟಿ ಕಂಬ ಎಳೆಸಿದಳು. ಹಗ್ಗ ಹಾವಾಗಿ ಹರಿದುಹೋಯಿತು.

ಲೊರೆಂಸು ಮತ್ತೆ ಅರಸನನ್ನು ಕೇಳಿ, ಎರಡನೆಯ ಕಂಬವನ್ನು ಹೊಳೆಯ ದಡದಲ್ಲಿ ನೆಟ್ಟ. ಸಂಜೆಯಾದದ್ದೇ ತಡ, ಮೀನುಗಳು ನೀರಿನಿಂದ ತಲೆಯೆತ್ತಿ, ಈಜಲು ಅವನ ಅಪ್ಪಣೆ ಕೇಳಿದವು. ಮಂಕಾಳಿ ಸುತ್ತಿಗೆ ತಂದು ಬಡಿದಳು. ಸುತ್ತಿಗೆ ಬೆಲ್ಲದಂತೆ ಪುಡಿಯಾಯಿತು.

ಉಳಿದದ್ದು ತಾಯಿಕಂಬ. ಅದು ಒಂದು ಹಗಲು ನಿಂತರೆ ಇಡೀ ರಾಜ್ಯ ತನ್ನದು, ಅದಕ್ಕೂ ಮೊದಲೇ ಉರುಳಿದರೆ ಮಿಕ್ಕೆರಡೂ ಉರುಳುತ್ತವೆ ಎಂದು ಲೊರೆಂಸು ಅರಸನ ಊಟದ ಪಂಕ್ತಿಯಲ್ಲೇ ಜಂಬ ಕೊಚ್ಚಿಕೊಂಡ. ಉರುಳಿಸುವವರು ಯಾರೆಂಬ ಧೈರ್ಯ ಅವನಿಗೆ. ಮಾತು ಬಡಿಸುವವರ ಬಾಯಿಂದ ಮಂಕಾಳಿಯ ಕಿವಿಗೂ ಬಿತ್ತು.

ಅದು ಬೇಸಿಗೆ. ಉಪ್ಪಿನ ಗದ್ದೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹಡಗಿನ ಮೇಲಿಂದ ನೋಡಿದ ಲೊರೆಂಸು ಅದನ್ನು ಬೆಳ್ಳಿಯೆಂದೇ ನಂಬಿ, ಅದೇ ನೆಲ ಬೇಕೆಂದ. ಇದು ಮೂರನೆಯ ಸಲ, ಅರಸ ಇಲ್ಲವೆನ್ನುವಂತಿರಲಿಲ್ಲ. ಮಂಕಾಳಿ ಮಾತ್ರ ಮುಂದೆ ಬಂದು, ಗದ್ದೆ ತಾನು ದುಡಿಯುವುದು, ಅಮಾವಾಸ್ಯೆಯ ಮುಂಜಾನೆ ಬಂದರೆ ನಟ್ಟನಡುವಿನ ಜಾಗವನ್ನೇ ತೋರಿಸುವೆನೆಂದಳು. ಆಸೆಬುರುಕನಿಗೆ ಅಷ್ಟು ಸಾಕಾಯಿತು.

ಅಮಾವಾಸ್ಯೆಯ ದಿನ ಕಂಬ ನಿಂತಿತು. ಮಧ್ಯಾಹ್ನ ಕಡಲು ಉಬ್ಬಿತು. ಗುಡ್ಡೆ ಹಾಕಿದ ಉಪ್ಪು ಗದ್ದೆಯಲ್ಲೇ ಇತ್ತು, ಅವಳ ಇಡೀ ಬೇಸಿಗೆಯ ಬೆವರು. ಮಂಕಾಳಿ ಒಮ್ಮೆ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ಪ್ರತಿವರ್ಷ ಹೊಸ ಉಪ್ಪಿಗೆ ನೀರು ಬಿಡುವ ಹಾಗೆಯೇ ಬದುವಿನ ತೂಬು ತೆರೆದಳು. ಕಡಲು ಒಳಗೆ ನುಗ್ಗಿತು. ಉಪ್ಪು ಕರಗಿತು, ಅಡಿಯ ಕೆಸರು ಸಡಿಲವಾಯಿತು, ತಾಯಿಕಂಬ ವಾಲಿ ಗುಳುಗುಳು ಮುಳುಗಿತು.

"ನನ್ನ ನೆಲ ಮುಳುಗಿಸಿದೆ," ಎಂದು ಲೊರೆಂಸು ಕಿರುಚಿದ.

"ನೆಲ ಅಂತ ನಿಮಗೆ ಹೇಳಿದವ್ರು ಯಾರು? ಇದು ಕಡಲಿನ್ದೇ. ಅದು ಬಿಟ್ಟಾಗ ನಾವು ದುಡೀತೇವೆ, ಕೇಳಿದಾಗ ಕೊಡ್ತೇವೆ," ಎಂದಳು ಮಂಕಾಳಿ.

ಬಂದರಿನ ಕಂಬ ಉರುಳಿತು. ಹೊಳೆಯ ಕಂಬವೂ ಉರುಳಿತು. ಮೂರು ಕೇಳಿಕೆಗಳೂ ಮುಗಿದಿದ್ದವು, ಮಂತ್ರವೂ ಮುಗಿದಿತ್ತು. ಅರಸ ಅವನನ್ನು ಕೊಲ್ಲಿಸಲಿಲ್ಲ. ಇನ್ನು ಮುಂದೆ ಬರುವುದಾದರೆ ಉಳಿದ ವ್ಯಾಪಾರಿಗಳಂತೆ ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂತು ಮಾತಾಡಬೇಕೆಂದ. ಆಮೇಲೆ ಪರಂಗಿಗಳ ಹಡಗುಗಳು ಹಾಗೇ ಬಂದವು, ಗೋಡಂಬಿ ಬೀಜ ತಂದು ಕಾಳುಮೆಣಸು ಒಯ್ದವು. ಕೆಲವು ನಾವಿಕರು ಅಲ್ಲೇ ಮದುವೆಯಾಗಿ, ಉಪ್ಪು ತೆಗೆಯುವುದನ್ನು ಕಲಿತರು. ನೂರಾರು ವರ್ಷ ಕಳೆದರೂ ಆ ದಂಡೆಯಲ್ಲಿ ಪರರ ಕೋಟೆ ಏಳಲಿಲ್ಲ, ಎಲ್ಲರೂ ನೆಮ್ಮದಿಯಾಗಿ ಬಾಳಿದರು.

ಕಂಬಗಳು ಉರುಳಿದ ಆ ಸಂಜೆ ಮಂಕಾಳಿ ಒಲೆಯ ಮುಂದೆ ಕೂತಿದ್ದಳು. ಜಟ್ಟಪ್ಪ ಅಂಗಳದಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಕೆಸರುಗಾಲಿನಲ್ಲೇ ಸೀದಾ ಒಳಗೆ ಬಂದು, ಗಂಜಿಗೆ ಉಪ್ಪು ಕಮ್ಮಿಯಾಗಿದೆಯೆಂದು ಹೆಂಡತಿಯ ಹೆಸರು ಹಿಡಿದು ಬೈದ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ನೆಲದ ಮೇಲಿನ ಕೆಸರನ್ನು ಮೂರು ದಿನ ಒರೆಸಲೇ ಇಲ್ಲ.