ಗೇಟಿನೊಳಗಿನ ದೇಶ

ತಂಗಿ ಸತ್ತಾಗ ದುಭಾಷಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳನ್ನು ಗಂಡನೇ ಮಹಡಿ ಮೆಟ್ಟಿಲಿನಿಂದ ತಳ್ಳಿದ್ದು ಬೀದಿಗೆಲ್ಲ ಗೊತ್ತಿತ್ತು. ನ್ಯಾಯಾಲಯದಲ್ಲಿ ಮಾತ್ರ ಇಡೀ ಬೀದಿ ಬಾಯಿಗೆ ಬೀಗ ಹಾಕಿಕೊಂಡಿತು. ಕಾಲು ಜಾರಿತು ಎಂದು ತೀರ್ಮಾನವಾಯಿತು. ಅವಳ ಗಂಡ ಮೀಸೆ ತಿರುವಿಕೊಂಡು ಹೊರಬಂದ. ದುಭಾಷಿ ತಂಗಿಯ ಮಗಳನ್ನು ತನ್ನ ಮನೆಗೆ ಕರೆದುಕೊಂಡು ಹೋದ.

ತಂಗಿಯ ಗಂಡನನ್ನು ಕೊಲ್ಲುವುದೇನು ಮಹಾ ಕಷ್ಟವಲ್ಲ, ಕೊಂದ ಮೇಲೆ ಬದುಕಿರುವುದು ಕಷ್ಟ. ಈ ದೇಶದಲ್ಲಿ ಕೊಲೆಗೆ ಗಲ್ಲು. ಹಿಂದೆಮುಂದೆ ನೋಡುವ ಪದ್ಧತಿಯೇ ಇಲ್ಲ. ಜಡೆ ಹಾಕಿಸಿಕೊಳ್ಳುವಾಗ ಮಗು ದಿನಾ ಬೆಳಗ್ಗೆ ಕೇಳುತ್ತಿತ್ತು:

"ಮಾಮ, ನೀನೂ ಹೋಗ್ಬಿಡ್ತೀಯಾ?"

"ನಾನೆಲ್ಲಿಗೆ ಹೋಗ್ಲಿ? ತಲೆ ಅಲ್ಲಾಡಿಸ್ಬೇಡ, ಜಡೆ ಸೊಟ್ಟಗಾಗುತ್ತೆ."

ಅವನು ಕೆಲಸಕ್ಕಿದ್ದದ್ದು ಒಂದು ರಾಯಭಾರ ಕಚೇರಿಯಲ್ಲಿ. ವರ್ಷಕ್ಕೊಮ್ಮೆ ರಾಯಭಾರಿ ಮಾಡುವ ಭಾಷಣವನ್ನು ಅನುವಾದಿಸುವುದೂ ಅವನ ಪಾಲಿಗೇ. 'ಬದುಕುವ ಹಕ್ಕು ಕೊಂದವನಿಗೂ ಉಂಟು. ನಮ್ಮ ಕಾನೂನಿನಲ್ಲಿ ಗಲ್ಲಿಲ್ಲ.' ಎಷ್ಟೋ ಸಲ ಆಕಳಿಸುತ್ತ ಬರೆದ ವಾಕ್ಯ. ಈ ವರ್ಷ ಬರೆದು ಮುಗಿಸಿದವನು ಪೆನ್ನು ಕೆಳಗಿಡದೆ ಹಾಗೇ ಕೂತ.

ಗೇಟಿನೊಳಗೆ ಎಲ್ಲವೂ ಅವರದೇ ಆಗಿತ್ತು. ಬಾವುಟ ಅವರದು, ಗೋಡೆ ಗಡಿಯಾರದ ಹೊತ್ತು ಅವರದು, ಪ್ಲಗ್ಗಿನ ತೂತು ಕೂಡ ಅವರ ದೇಶದ ಆಕಾರದ್ದು. ಒಮ್ಮೆ ಜೇಬುಗಳ್ಳನೊಬ್ಬ ಓಡಿ ಒಳನುಗ್ಗಿದಾಗ, ಬೆನ್ನಟ್ಟಿ ಬಂದ ಪೊಲೀಸರು ಗೇಟಿನ ಬಳಿ ಗಕ್ಕನೆ ನಿಂತುಬಿಟ್ಟಿದ್ದನ್ನು ಅವನೇ ಕಣ್ಣಾರೆ ನೋಡಿದ್ದ. ಅಷ್ಟು ಸಾಕಾಯಿತು. ಇನ್ನೊಬ್ಬರನ್ನು ಕೇಳುವ ಗೋಜಿಗೆ ಅವನು ಹೋಗಲಿಲ್ಲ.

ಸಿಕ್ಕಿಬೀಳದಿರುವುದು ಅವನ ಯೋಜನೆಯೇ ಅಲ್ಲ. ಯಾರ ಕೈಗೆ ಸಿಕ್ಕಿಬೀಳಬೇಕು ಎಂಬುದೇ ಯೋಜನೆ. ಗೇಟಿನೊಳಗೆ ಕೊಂದರೆ ಗೇಟಿನೊಳಗಿನ ಕಾನೂನು. ವಿಮಾನ ಹತ್ತಿಸುತ್ತಾರೆ, ಅವರ ಜೈಲಿಗೆ ಹಾಕುತ್ತಾರೆ. ಅಲ್ಲಿ ಕಿಟಕಿಯಿರುತ್ತದಂತೆ, ಫೋನು ಕೊಡುತ್ತಾರಂತೆ. ಅಲ್ಲಿಯವರೆಗೆ ಮನೆಯಲ್ಲಿರುವ ತನ್ನ ಅಮ್ಮ ಮಗುವನ್ನು ನೋಡಿಕೊಳ್ಳುತ್ತಾಳೆ. ಜೀವದಿಂದಿರುವವನು ಒಂದಲ್ಲ ಒಂದು ದಿನ ವಾಪಸ್ ಬರುತ್ತಾನೆ. ಇದರಲ್ಲಿ ಅವನಿಗೆ ಒಂದು ಬಿರುಕೂ ಕಾಣಲಿಲ್ಲ.

ತಂಗಿಯ ಗಂಡನನ್ನು ಕರೆಸುವ ಕಷ್ಟವೂ ಬರಲಿಲ್ಲ. ಎರಡನೇ ಮದುವೆಯಾಗಿ ಆ ದೇಶದಲ್ಲಿ ನೆಲೆಸುವ ಆಸೆ ಅವನಿಗೆ. ವೀಸಾ ಸಂದರ್ಶನಕ್ಕೆ ತಾನಾಗೇ ಬಂದ. ಸುಗಂಧ ಪೂಸಿಕೊಂಡಿದ್ದ.

"ಏನ್ ಭಾವ, ನೀವೇ ಇದ್ದೀರಲ್ಲ! ಇನ್ನೇನು, ವೀಸಾ ಆದ ಹಾಗೇನೇ. ಹಳೇದೆಲ್ಲ ಮನಸ್ಸಲ್ಲಿಟ್ಕೋಬೇಡಿ."

"ಇಲ್ಲ," ಎಂದ ದುಭಾಷಿ. "ಕೂತ್ಕೊಳ್ಳಿ."

ಹೊರಗಿನಿಂದ ಏನನ್ನೂ ತರುವ ಹಾಗಿರಲಿಲ್ಲ, ಬಾಗಿಲಲ್ಲಿ ತಪಾಸಣೆ. ಅಡುಗೆಮನೆಯಲ್ಲಿ ಸಿಬ್ಬಂದಿಯ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವ ಚಾಕು ಇತ್ತು, ಅದೂ ಅವರ ದೇಶದ್ದೇ. ವೀಸಾ ಅಧಿಕಾರಿಯ ಕಣ್ಣೆದುರೇ ಕೆಲಸ ಮುಗಿಯಿತು. ದುಭಾಷಿ ಚಾಕುವನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ಕೂತ. ಸಂತೋಷವಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ದುಃಖವೂ ಇಲ್ಲ. ಸಂಜೆ ಮಗುವಿಗೆ ಅಮ್ಮ ಏನು ಹೇಳಬಹುದು ಎಂದು ಮಾತ್ರ ಯೋಚಿಸಿದ.

ರಾಯಭಾರಿ ಮಹಡಿಯಿಂದ ಇಳಿದು ಬಂದರು. ಸುದ್ದಿ ತಿಳಿದು ಬಂದ ಪೊಲೀಸ್ ಇನ್‌ಸ್ಪೆಕ್ಟರು ಗೇಟಿನಾಚೆಯೇ ನಿಂತಿದ್ದ, ಥೇಟ್ ದುಭಾಷಿ ಅಂದುಕೊಂಡ ಹಾಗೆ. ರಾಯಭಾರಿಯ ಮಾತು ಇನ್‌ಸ್ಪೆಕ್ಟರಿಗೆ ಬಾರದು, ಅವನ ಮಾತು ಇವರಿಗೆ ಬಾರದು. ಎರಡೂ ಬಲ್ಲವನು ಕಚೇರಿಯಲ್ಲಿ ಒಬ್ಬನೇ. ಇಬ್ಬರು ಕಾವಲುಗಾರರು ಅವನನ್ನೇ ತೋಳು ಹಿಡಿದು ತಂದು ನಡುವೆ ನಿಲ್ಲಿಸಿದರು. ರಾಯಭಾರಿ ಒಂದು ಮಾತು ಹೇಳಿದರು. "ಒಳಗೆ ಬನ್ನಿ ಅಂತಿದ್ದಾರೆ," ಎಂದ ದುಭಾಷಿ, ಬರಿಯ ಉಪಚಾರವೆಂದುಕೊಂಡು. ಇನ್‌ಸ್ಪೆಕ್ಟರು ಒಳಗೆ ಬಂದವನೇ ಬೇಡಿ ತೆಗೆದ. ದುಭಾಷಿ ರಾಯಭಾರಿಯ ಕಡೆ ತಿರುಗಿ, ಇದು ನಿಮ್ಮ ದೇಶವಲ್ಲವೇ, ನಿಮ್ಮ ಕಾನೂನಲ್ಲವೇ ಎಂದು ಅವರ ಭಾಷೆಯಲ್ಲೇ ಕೇಳಿದ. ಅವರು ನಿಜವಾಗಿಯೂ ನೊಂದುಕೊಂಡು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಉತ್ತರಿಸಿದರು. "ಏನಂದ್ರು ಸಾಹೇಬ್ರು?" ಎಂದ ಇನ್‌ಸ್ಪೆಕ್ಟರು. ದುಭಾಷಿ ಎಂದಿನಂತೆ ಒಂದು ಮಾತೂ ಬಿಡದೆ ಅನುವಾದಿಸಿದ: "ಗಲ್ಲಿಗೆ ಹಾಕ್ಬೇಡಿ ಅಂತ ನಿಮ್ಮ ಸರ್ಕಾರಕ್ಕೆ ಪತ್ರ ಬರೀತಾರಂತೆ. ಕೇಳದೆ ನೀವು ಒಳಗೆ ಬರೋ ಹಾಗಿಲ್ಲ, ನಿಯಮ ಅಂತ ಇರೋದು ಅಷ್ಟೇ ಅಂತೆ. ನೆಲ ನಿಮ್ದೇ ಅಂತೆ. ಮೊದ್ಲಿಂದ್ಲೂ ನಿಮ್ದೇ ಅಂತೆ."