ಸ್ಲೈಡಿನ ಕೆಳಗೆ ಬರೆದದ್ದು

"ಅದನ್ನ ಮುಟ್ಟಬೇಡಿ!"

ಅವಳ ಕುರ್ಚಿಯಲ್ಲಿ ಕುಳಿತಿದ್ದವನು ಮೌಸ್‌ನಿಂದ ಕೈ ತೆಗೆಯಲಿಲ್ಲ.

"ಮುಟ್ಟೋಕೇ ನಂಗೆ ಸಂಬಳ ಕೊಡೋದು ಮೇಡಂ. ಕಂಪ್ಯೂಟರ್ ವಿಭಾಗದವನು. ಸ್ಲೈಡ್ ಮಾಡೋ ಈ ಸಾಫ್ಟ್‌ವೇರ್ ಇನ್ಮೇಲೆ ಇರಲ್ಲ. ಲೈಸೆನ್ಸ್ ದುಬಾರಿಯಂತೆ. ಪುಕ್ಕಟೆ ಸಿಗೋದು ಹುಡುಕಬೇಕಂತೆ."

ಹನ್ನೊಂದು ವರ್ಷ! ಆಸ್ಪತ್ರೆಯ ತರಬೇತಿ ವಿಭಾಗದಲ್ಲಿ ಅವಳು ಸ್ಲೈಡ್ ಮಾಡುತ್ತಾಳೆ, ಬೇರೆಯವರು ಎದ್ದು ನಿಂತು ಮಾತಾಡುತ್ತಾರೆ. ಪ್ರತಿ ಸ್ಲೈಡಿನ ಕೆಳಗೆ, ಮಾತಾಡುವವರಿಗೆ ಮಾತ್ರ ಕಾಣುವಂತೆ, ಅವಳದೊಂದು ಪುಟ್ಟ ಟಿಪ್ಪಣಿ ಇರುತ್ತದೆ: 'ಇಲ್ಲಿ ಸ್ವಲ್ಪ ನಿಲ್ಲಿ. ಉಸಿರು ತಗೊಳ್ಳಿ.'

'ಮತ್ತೆ ಅ ಆ ಇ ಈಯಿಂದ ಶುರು ಮಾಡ್ಬೇಕಾ...' ಅವಳಿಗೆ ಅಳುವುದಕ್ಕೂ ಸುಸ್ತು.

ಒಂದು ವಾರ ಅಕ್ಕಪಕ್ಕ ಕುಳಿತು ಹುಡುಕಿದರು. ಮೊದಲನೆಯದರಲ್ಲಿ ಚಿತ್ರಗಳು ಜಾಗ ಬಿಟ್ಟು ಓಡಿದವು. ಎರಡನೆಯದು ಇಂಟರ್ನೆಟ್ ಹೋದರೆ ಮೂರ್ಛೆ ಬೀಳುತ್ತಿತ್ತು. ಮೂರನೆಯದು ಪರವಾಗಿಲ್ಲ, ಆದರೆ ಹಳೆಯ ಟಿಪ್ಪಣಿಗಳು ಅದರೊಳಗೆ ಬರುತ್ತಿರಲಿಲ್ಲ.

"ಹೋಗ್ಲಿ ಬಿಡಿ. ಅವನ್ನ ಯಾರು ಓದ್ತಾರೆ?" ಎಂದಳು.

"ನಾನು ನೋಡ್ಕೋತೀನಿ," ಎಂದ ಅವನು.

ಮರುವಾರ ನಿರ್ದೇಶಕರು ಆಡಳಿತ ಮಂಡಳಿಯ ಮುಂದೆ ಮಾತಾಡಲು ನಿಂತರು. ಗೋಡೆಯ ಮೇಲೆ ಸ್ಲೈಡ್ ಬಂತು. ಅದರ ಕೆಳಗೆ ಎಲ್ಲರಿಗೂ ಕಾಣುವಂತೆ: 'ಇಲ್ಲಿ ಜೋಕ್ ಬೇಡ ಸರ್. ಹೋದ ಸಲ ಯಾರೂ ನಗಲಿಲ್ಲ.'

ಈ ಸಲ ಎಲ್ಲರೂ ನಕ್ಕರು!

ಸಂಜೆಯೊಳಗೆ ಅವಳನ್ನು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಿದರು.

"ನನ್ನ ಕಂಪ್ಯೂಟರ್ ಮುಟ್ಟಿದ್ದು ನೀವೊಬ್ರೇ," ಅವನನ್ನು ತಡೆದು ಅವಳು ಕೂಗಿದಳು. "ನಂಬಿಸಿ ಕತ್ತು ಕುಯ್ದ್ರಲ್ಲ!"

ಅವನು ತಲೆ ತಗ್ಗಿಸಿ ಹೊರಟುಹೋದ.

ಇಪ್ಪತ್ತು ದಿನ ಧೂಳು, ಕಡತ, ಸೀನು. ಇಪ್ಪತ್ತೊಂದನೆಯ ದಿನ ಕಡತಕ್ಕೆ ಸೇರಿಸಲೆಂದು ಬಂದ ಕಾಗದಗಳ ನಡುವೆ ಅವನ ಪತ್ರವಿತ್ತು. ನಿರ್ದೇಶಕರಿಗೆ ಬರೆದದ್ದು.

'ಟಿಪ್ಪಣಿಗಳು ಗೋಡೆಯ ಮೇಲೆ ಬಂದದ್ದು ನನ್ನ ತಪ್ಪು. ಆಕೆಯನ್ನು ಮೇಲಕ್ಕೆ ಕರೆಸಿಕೊಳ್ಳಿ.'

ಅಂಚಿನಲ್ಲಿ ನಿರ್ದೇಶಕರ ಕೆಂಪು ಶಾಯಿ: 'ಆಕೆ ಅಲ್ಲೇ ಇರಲಿ. ಇವನನ್ನು ಬೇರೆ ಶಾಖೆಗೆ ಕಳಿಸಿ.'

ಓದುತ್ತಿದ್ದಂತೆ ನಿರ್ದೇಶಕರು ಮಾತಾಡಿದ ದಿನದ ಬೆಳಗು ನೆನಪಾಯಿತು... ಅವನು ಎಲ್ಲ ಸರಿಮಾಡಿ ಹೋಗಿದ್ದ. ಟಿಪ್ಪಣಿಗಳು ಬಂದಿವೆಯೋ ಇಲ್ಲವೋ ನೋಡೋಣವೆಂದು 'ಟಿಪ್ಪಣಿ ತೋರಿಸು' ಎಂಬುದನ್ನು ಅವಳೇ ಒತ್ತಿದ್ದಳು. ತೆಗೆಯುವುದನ್ನು ಮರೆತಿದ್ದಳು.

'ಅಯ್ಯೋ... ನನ್ನದೇ ಬೆರಳು!'

ಮೆಟ್ಟಿಲು ಹತ್ತಿ ಓಡಿದಳು. ಅವನು ವೈರುಗಳನ್ನು ಸುತ್ತಿ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದ.

"ಒತ್ತಿದ್ದು ನಾನು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಅಷ್ಟು ಸುಸ್ತಾಗಿದ್ರಿ. ಅದರ ಮೇಲೆ ತಪ್ಪೂ ನಿಮ್ದೇ ಅಂತ ಹೇಗೆ ಹೇಳ್ಲಿ?" ಅವನು ಮತ್ತೊಂದು ವೈರು ಸುತ್ತಿದ. "ಆ ಹನ್ನೊಂದು ವರ್ಷದ ಟಿಪ್ಪಣಿ ಒಂದೊಂದಾಗಿ ಟೈಪ್ ಮಾಡಿ ಸೇರಿಸಿದ್ದು ನಾನು. ಉಸಿರು ಎಲ್ಲಿ ತಗೋಬೇಕು ಅಂತ ಎಲ್ರಿಗೂ ಹೇಳಿದೀರ. ನಿಮಗೆ ಯಾರಾದ್ರೂ ಹೇಳಿದಾರಾ? ಓದ್ತಾ ಓದ್ತಾ... ಆ ಕೆಲಸ ನಂಗೆ ಸಿಗಬಾರ್ದಾ ಅನ್ನಿಸ್ತು."

ಅವಳು ನೇರವಾಗಿ ನಿರ್ದೇಶಕರ ಸಭೆಗೆ ನುಗ್ಗಿದಳು. ಆರು ಮುಖಗಳು ತಿರುಗಿದವು. ಪರದೆಯಿಲ್ಲ, ಸ್ಲೈಡಿಲ್ಲ.

"ಸರ್, ಅದನ್ನ ಒತ್ತಿದ್ದು ನಾನು, ಅವರಲ್ಲ. ಕಳಿಸೋದಾದ್ರೆ ನನ್ನ ಕಳಿಸಿ. ಅವರ ತಪ್ಪಿಲ್ಲ. ಆದ್ರೆ ಜೋಕ್ ವಿಷಯ ಬರೆದಿದ್ದು ನಿಜ ಸರ್."

ಯಾರೋ ಕೆಮ್ಮಿ ನಗು ನುಂಗಿದರು. ನಿರ್ದೇಶಕರು ಕನ್ನಡಕ ತೆಗೆದು ಕಣ್ಣುಜ್ಜಿದರು.

"ಇಷ್ಟು ವರ್ಷ ಈ ಮಾತೆಲ್ಲ ಎಲ್ಲಿಟ್ಟಿದ್ರಿ? ಸರಿ, ಅವನು ಇಲ್ಲೇ ಇರ್ಲಿ. ನೀವು ಮಾತ್ರ ಈ ತಿಂಗಳು ಕೆಳಗೇ."

ಹೊರಗೆ ಅವನು ಡಬ್ಬ ಹಿಡಿದು ನಿಂತಿದ್ದ.

"ಒಂದೇ ಉಸಿರಿಗೆ ಹೇಳಿಬಿಟ್ಟೆ," ಎಂದಳು ಏದುಸಿರು ಬಿಡುತ್ತ.

ಅವನು ಡಬ್ಬವನ್ನು ನೆಲಕ್ಕಿಟ್ಟ.

"ಇಲ್ಲಿ ಸ್ವಲ್ಪ ನಿಲ್ಲಿ. ಉಸಿರು ತಗೊಳ್ಳಿ."

ಅವಳು ಅವನ ಭುಜಕ್ಕೆ ಹಣೆ ಆನಿಸಿದಳು.

"ಸ್ವಲ್ಪ ಅಂದ್ರೆ... ಎಷ್ಟು ಹೊತ್ತು?"

"ಅದನ್ನ ನೀವು ಎಲ್ಲೂ ಬರೆದಿಲ್ಲ."